ಜನ ಹತ್ತದ ರೈಲಿಗೆ ಸರ್ಕಾರದ ದುಡ್ಡು ಬೇಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ರೈಲ್ವೆ ನೌಕರನಲ್ಲ, ಅರ್ಥಶಾಸ್ತ್ರಜ್ಞನೂ ಅಲ್ಲ. ವರ್ಷಗಟ್ಟಲೆ ಪಾಸು ಮಾಡಿಸಿಕೊಂಡು ಪ್ಯಾಸೆಂಜರ್ ರೈಲಿನಲ್ಲಿ ಓಡಾಡಿದವನು. ಪಾಸಿನವರ ಬಳಗದಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಬಸ್ ಪ್ರಿಯರ ಜೊತೆಗಿನ ಜಗಳದಲ್ಲಿ ಎದುರಾದ ಪ್ರಶ್ನೆಗಳನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಕರ್ನಾಟಕದವು. ಎಲ್ಲ ಉತ್ತರಗಳೂ ರೈಲಿನ ಪರವಾಗಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಖಾಲಿ ಬೋಗಿ ಎಳೆದುಕೊಂಡು ಹೋಗುವ ರೈಲಿಗೆ ನಮ್ಮ ತೆರಿಗೆ ದುಡ್ಡು ಯಾಕೆ ಸುರಿಯಬೇಕು?

ಎಲ್ಲ ಖಾಲಿ ರೈಲಿಗೂ ಸುರಿಯಬೇಕಿಲ್ಲ. ಆದರೆ ಆ ಬೋಗಿ ಯಾಕೆ ಖಾಲಿಯಾಗಿದೆ, ಅದನ್ನು ನಿಲ್ಲಿಸಿದರೆ ನಿಜಕ್ಕೂ ಎಷ್ಟು ಉಳಿಯುತ್ತದೆ ಎಂಬ ಎರಡು ವಿಷಯ ಗೊತ್ತಾಗುವ ತನಕ ನಿಲ್ಲಿಸುವ ಮಾತು ಆಡಬಾರದು. ನಮ್ಮಲ್ಲಿ ಸಾಮಾನ್ಯವಾಗಿ ಈ ಎರಡನ್ನೂ ಯಾರೂ ಕೇಳುವುದಿಲ್ಲ.

ಈಗ ಈ ನಷ್ಟವನ್ನು ಯಾರು ತುಂಬುತ್ತಿದ್ದಾರೆ?

2016ರಲ್ಲಿ ತೆಗೆದ ಟಿಕೆಟ್ ಯಾವುದಾದರೂ ಹಳೇ ಪರ್ಸಿನಲ್ಲಿ ಉಳಿದಿದ್ದರೆ ತೆಗೆದು ನೋಡಿ. ನಿಮ್ಮ ಪ್ರಯಾಣದ ವೆಚ್ಚದಲ್ಲಿ ಸರಾಸರಿ ಶೇ. 57ರಷ್ಟನ್ನು ಮಾತ್ರ ರೈಲ್ವೆ ವಸೂಲು ಮಾಡುತ್ತಿದೆ ಎಂದು ಅದರ ಮೇಲೆ ಅಚ್ಚಾಗಿರುತ್ತದೆ. ಊಟಕ್ಕೆ ಕರೆದು, ಬಡಿಸುವಾಗ ಅಕ್ಕಿಯ ರೇಟು ಹೇಳಿದ ಹಾಗೆ! ಈಚಿನ ವರ್ಷಗಳಲ್ಲಿ ಸಂಸತ್ತಿನಲ್ಲಿ ಕೊಟ್ಟ ಲೆಕ್ಕವೂ ಅದರ ಆಸುಪಾಸಿನಲ್ಲೇ ಇದೆ: 100 ರೂಪಾಯಿ ಖರ್ಚಾಗುವ ಸೇವೆಗೆ ಪ್ರಯಾಣಿಕರಿಂದ ಬರುವುದು 54 ರೂಪಾಯಿ.

ಉಳಿದದ್ದು ಬಹುಪಾಲು ಗೂಡ್ಸ್ ರೈಲಿನ ಗಳಿಕೆಯಿಂದ ಬರುತ್ತದೆ. ಕಲ್ಲಿದ್ದಲು, ಅದಿರು, ಸಿಮೆಂಟು, ಗೊಬ್ಬರ, ಅಕ್ಕಿ ಸಾಗಿಸಿ ಗಳಿಸಿದ ಲಾಭ ಪ್ರಯಾಣಿಕ ರೈಲಿನ ಗುಂಡಿಗೆ ಹೋಗುತ್ತದೆ. ಗುಂಡಿ ಅಷ್ಟಕ್ಕೂ ತುಂಬದು. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಯ ಪ್ರಕಾರ 2021-22ರಲ್ಲಿ ಪ್ರಯಾಣಿಕ ಸೇವೆಗಳ ನಷ್ಟ 68,269 ಕೋಟಿ ರೂಪಾಯಿ. ಸರಕಿನ ಲಾಭವನ್ನೆಲ್ಲ ಅದಕ್ಕೇ ಸುರಿದರೂ ಬಾಕಿ ಉಳಿಯಿತು.

ಅಂದರೆ ಸಬ್ಸಿಡಿ ಕೊಡಬೇಕೋ ಬೇಡವೋ ಎಂಬುದು ಇನ್ನು ಮೇಲೆ ತೀರ್ಮಾನಿಸುವ ವಿಷಯವಲ್ಲ, ಈಗಾಗಲೇ ಕೊಡುತ್ತಿದ್ದೇವೆ. ಕೊಡುತ್ತಿರುವ ದಾರಿ ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಕಲ್ಲಿದ್ದಲಿನ ಸಾಗಣೆ ದರ ಏರಿಸಿದರೆ ಅದು ಕೊನೆಗೆ ಕರೆಂಟ್ ಬಿಲ್ಲಿನಲ್ಲಿ ಬಂದು ಕೂರುತ್ತದೆ. ರೈಲನ್ನೇ ಹತ್ತದ ಮನೆಯ ಬಿಲ್ಲಿನಲ್ಲೂ ಕೂರುತ್ತದೆ. ಅದಕ್ಕೇ ನನ್ನ ವಾದ ಇಷ್ಟೇ: ಈ ರೈಲು ಈ ಊರುಗಳಿಗೆ ಬೇಕು ಅನ್ನಿಸಿದರೆ ಅದರ ಹೆಸರಿನಲ್ಲಿ, ಬಜೆಟ್ಟಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ ದುಡ್ಡು ಕೊಡಿ. ಹೊಸದೇನೂ ಅಲ್ಲ ಇದು. 2001ರ ರಾಕೇಶ್ ಮೋಹನ್ ಸಮಿತಿಯೂ 2015ರ ಬಿಬೇಕ್ ದೇಬ್‌ರಾಯ್ ಸಮಿತಿಯೂ ರೈಲ್ವೆಯ ಸಾಮಾಜಿಕ ಹೊರೆಯನ್ನು ವ್ಯಾಪಾರದ ಲೆಕ್ಕದಿಂದ ಬೇರೆ ಮಾಡಿ ಎಂದೇ ಹೇಳಿದ್ದವು.

ಒಂದು ಮಾರ್ಗದ ನಷ್ಟವನ್ನು ಲೆಕ್ಕ ಹಾಕುವುದು ಹೇಗೆ?

ಜಗಳವೆಲ್ಲ ಇರುವುದು ಇಲ್ಲೇ, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಕೂಡು ಕುಟುಂಬದ ಮನೆಯೊಂದನ್ನು ನೆನೆಸಿಕೊಳ್ಳಿ. ಹತ್ತು ಜನ ಇದ್ದಾರೆ. ಮನೆ ತೆರಿಗೆ, ಸುಣ್ಣಬಣ್ಣ, ಕರೆಂಟು, ದಿನಸಿ ಎಲ್ಲ ಸೇರಿಸಿ ಹತ್ತರಿಂದ ಭಾಗಿಸಿದರೆ ಅಜ್ಜಿಯ ಪಾಲಿಗೂ ಒಂದು ಮೊತ್ತ ಬರುತ್ತದೆ. ಅಜ್ಜಿ ಎರಡು ತಿಂಗಳು ಮಗಳ ಮನೆಗೆ ಹೋದರೆ ಅಷ್ಟೂ ಉಳಿಯುತ್ತದೆಯೇ? ಎರಡು ಪಾವು ಅಕ್ಕಿ, ಒಂದು ಲೋಟ ಹಾಲು ಉಳಿಯಬಹುದು. ಮನೆ ತೆರಿಗೆ ಒಂದು ರೂಪಾಯಿಯೂ ಕಡಿಮೆಯಾಗದು.

ರೈಲಿನಲ್ಲೂ ಹಾಗೇ. ಹಳಿ, ಸಿಗ್ನಲ್, ಸ್ಟೇಷನ್ ಮಾಸ್ಟರು, ಗೇಟಿನವರು, ಹಳಿ ನೋಡಿಕೊಳ್ಳುವ ಗ್ಯಾಂಗಿನವರು, ವಲಯ ಕಚೇರಿಯ ಖರ್ಚು, ಪಿಂಚಣಿ, ಎಲ್ಲವನ್ನೂ ಓಡುವ ರೈಲುಗಳ ಮೇಲೆ ಹಂಚಿದಾಗ ನಮ್ಮ ಮೂರು ಮತ್ತೊಂದು ಜನರ ಪ್ಯಾಸೆಂಜರಿನ ತಲೆಗೂ ದೊಡ್ಡ ಪಾಲು ಬೀಳುತ್ತದೆ. ಆ ರೈಲನ್ನು ನಿಲ್ಲಿಸಿದರೆ ಉಳಿಯುವುದು ಅದಕ್ಕೆ ಬೇಕಾದ ಕರೆಂಟು ಅಥವಾ ಡೀಸೆಲ್, ಲೋಕೋ ಪೈಲಟ್ ಮತ್ತು ಗಾರ್ಡ್ ಡ್ಯೂಟಿ, ಬೋಗಿಗಳ ಸವೆತ. ಹಂಚಿಕೆಯಿಂದ ಬಂದ ನಷ್ಟವೇ ಬೇರೆ, ನಿಲ್ಲಿಸಿದಾಗ ಉಳಿಯುವ ಹಣವೇ ಬೇರೆ.

ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿ ನೋಡಿ. ಸುಮಾರು 55 ಕಿ.ಮೀ., 57 ಸುರಂಗ, 50 ಅಡಿಗೆ ಒಂದು ಅಡಿ ಏರುವ ಹಳಿ. ಕಿರಿದಾದ ಮೀಟರ್‌ಗೇಜ್ ಹಳಿ ಕಿತ್ತು ಅಗಲದ ಬ್ರಾಡ್‌ಗೇಜ್ ಮಾಡಲು 1996ರಲ್ಲಿ ನಿಲ್ಲಿಸಿದ ರೈಲು ಪ್ರಯಾಣಿಕರಿಗೆ ಮತ್ತೆ ಸಿಕ್ಕಿದ್ದು 2007ರ ಡಿಸೆಂಬರ್‌ನಲ್ಲಿ. ಗೂಡ್ಸ್ ಮಾತ್ರ 2006ರಲ್ಲೇ ಓಡತೊಡಗಿತ್ತು. ಮಂಗಳೂರು ಬಂದರಿನ ಸರಕಿಗೆ ಆ ಹಳಿ ಬೇಕೇ ಬೇಕು, ಮಳೆಗಾಲದಲ್ಲಿ ಗುಡ್ಡ ಕುಸಿದರೆ ಮಣ್ಣು ತೆಗೆಯಲೇಬೇಕು. ಒಂದು ಪ್ಯಾಸೆಂಜರ್ ರದ್ದು ಮಾಡಿದ ಮಾತ್ರಕ್ಕೆ ಘಾಟಿಯ ಗ್ಯಾಂಗ್‌ಮನ್ ಮನೆಗೆ ಹೋಗುವುದಿಲ್ಲ.

ಇದರ ಮತ್ತೊಂದು ಮುಖವನ್ನೂ ಹೇಳಬೇಕು. ಗೂಡ್ಸ್ ಒಂದೂ ಓಡದ, ದಿನಕ್ಕೆ ಒಂದೇ ಜೋಡಿ ಪ್ಯಾಸೆಂಜರಿಗಾಗಿ ಇಡೀ ಹಳಿಯನ್ನು ಕಾಪಾಡಿಕೊಂಡು ಬರುವ ಕವಲು ಮಾರ್ಗವಾದರೆ ಅಲ್ಲಿ ಹಂಚಿಕೆಯ ನಷ್ಟವೂ ನಿಜವಾದ ನಷ್ಟವೂ ಹೆಚ್ಚುಕಡಿಮೆ ಒಂದೇ. ಅಂಥ ಕಡೆ ನನ್ನ ಅಜ್ಜಿಯ ಉದಾಹರಣೆ ನಡೆಯುವುದಿಲ್ಲ.

ಆದರೂ ಜನ ಹತ್ತುವುದಿಲ್ಲ ಎಂಬುದು ಸತ್ಯ ತಾನೇ?

ಹತ್ತುವುದಿಲ್ಲವೋ, ಹತ್ತದ ಹಾಗೆ ಮಾಡಿದೆವೋ?

ನಾನು ಓಡಾಡುತ್ತಿದ್ದ ಒಂದು ಮಾರ್ಗದಲ್ಲಿ ಕಾಲೇಜು ಬಿಡುವುದು ನಾಲ್ಕಕ್ಕೆ, ಸಂಜೆಯ ರೈಲು ಹೊರಡುವುದು ಮೂರೂ ನಲವತ್ತಕ್ಕೆ. ಕೊನೆಯ ಪೀರಿಯಡ್ ಬಿಟ್ಟು ಓಡಿ ಬರುತ್ತಿದ್ದ ಹುಡುಗರು ಬೋಗಿಯ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಿದ್ದರು. ಹುಡುಗಿಯರು ಓಡುವ ಗೋಜಿಗೇ ಹೋಗದೆ ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದರು. ಒಂದು ದಿನ ನಾನಿದ್ದ ಬೋಗಿಯಲ್ಲಿ ಲೆಕ್ಕ ಹಾಕಿದೆ: ಹದಿನೇಳು ಜನ, ಎರಡು ಹೂವಿನ ಬುಟ್ಟಿ, ಸೀಟಿನ ಕೆಳಗೆ ಕಾಲು ಕಟ್ಟಿದ ಒಂದು ನಾಟಿ ಕೋಳಿ. ಅರ್ಧ ಗಂಟೆ ತಡ ಮಾಡಿ ಬಿಡಿ ಎಂದು ನಾವೊಂದಿಷ್ಟು ಜನ ಅರ್ಜಿ ಕೊಟ್ಟೆವು. ರೇಕ್, ಅಂದರೆ ಅದೇ ಬೋಗಿಗಳ ಸಾಲು, ಮುಂದೆ ಇನ್ನೊಂದು ರೈಲಾಗಿ ಹೋಗಬೇಕು, ಆಗುವುದಿಲ್ಲ ಎಂಬ ಉತ್ತರ ಬಂತು. ಉತ್ತರವೇನೋ ಸರಿ. ಆದರೆ ವರ್ಷದ ಕೊನೆಗೆ ಬರೆಯುವ ಲೆಕ್ಕದಲ್ಲಿ ‘ಪ್ರಯಾಣಿಕರ ಕೊರತೆ’ ಎಂದಷ್ಟೇ ಇರುತ್ತದೆ, ಕಾಲೇಜಿನ ಗಂಟೆಯ ವಿಷಯ ಇರುವುದಿಲ್ಲ.

ಇನ್ನು ದರದ ಕಥೆ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ನಿಂತ ಪ್ಯಾಸೆಂಜರ್‌ಗಳು ಮರಳಿ ಬಂದಾಗ ‘ಎಕ್ಸ್‌ಪ್ರೆಸ್ ಸ್ಪೆಷಲ್’ ಎಂಬ ಹೆಸರು ಹೊತ್ತು ಬಂದವು. ಅದೇ ಬೋಗಿ, ಅದೇ ಹಾಲ್ಟುಗಳು, ಅದೇ ಕ್ರಾಸಿಂಗ್ ಕಾಯುವಿಕೆ, ಕನಿಷ್ಠ ದರ ಮಾತ್ರ 10ರ ಬದಲು 30 ರೂಪಾಯಿ. ಮೂರು ಸ್ಟೇಷನ್ ಆಚೆಯ ಸಂತೆಗೆ ಸೊಪ್ಪು ಒಯ್ಯುವ ಹೆಂಗಸು ಹೋಗಿಬರಲು 60 ರೂಪಾಯಿ ಎಲ್ಲಿಂದ ತರಬೇಕು? ದರ ಮತ್ತೆ 10 ರೂಪಾಯಿಗೆ ಇಳಿದದ್ದು 2024ರ ಫೆಬ್ರುವರಿಯಲ್ಲಿ. ನಡುವಿನ ವರ್ಷಗಳ ಪ್ರಯಾಣಿಕರ ಸಂಖ್ಯೆ ತೋರಿಸಿ ‘ಬೇಡಿಕೆ ಇಲ್ಲ’ ಅನ್ನುವುದು, ಬಾವಿಗೆ ಬೀಗ ಹಾಕಿ ಊರಿಗೆ ಬಾಯಾರಿಕೆಯೇ ಇಲ್ಲ ಅಂದಂತೆ.

ಹಾಲ್ಟ್ ಸ್ಟೇಷನ್‌ಗಳಲ್ಲಿ ದಿನಕ್ಕೆ ಐದಾರು ಟಿಕೆಟ್ ಕೂಡ ಹೋಗುವುದಿಲ್ಲವಂತೆ?

ಹೋಗದೆ ಇರಬಹುದು. ಹಾಲ್ಟ್‌ನಲ್ಲಿ ಟಿಕೆಟ್ ಕೊಡುವವನು ಕಮಿಷನ್ ಮೇಲೆ ಕೆಲಸ ಮಾಡುವ ಏಜೆಂಟ್. ಅವನು ಬಂದರೆ ಟಿಕೆಟ್ ಉಂಟು, ಇಲ್ಲದಿದ್ದರೆ ಇಲ್ಲ. ತಿಂಗಳ ಪಾಸಿನವರು ಪಾಸು ಮಾಡಿಸುವುದು ದೊಡ್ಡ ಸ್ಟೇಷನ್ನಿನಲ್ಲಿ. ಹೋಗುವಾಗ ಅಲ್ಲಿಂದಲೇ ಬರುವ ಟಿಕೆಟ್ಟನ್ನೂ ತೆಗೆದುಕೊಳ್ಳುವವರಿದ್ದಾರೆ. ಟಿಕೆಟ್ಟನ್ನೇ ತೆಗೆದುಕೊಳ್ಳದವರೂ ಇದ್ದಾರೆ, ಸುಳ್ಳು ಯಾಕೆ ಹೇಳಲಿ. ಈ ಎಲ್ಲರೂ ಹಾಲ್ಟಿನ ಲೆಕ್ಕದಲ್ಲಿ ಸೊನ್ನೆ. ಕೌಂಟರಿನ ಮಾರಾಟ ನೋಡದೆ ರೈಲಿನಿಂದ ಇಳಿದ ತಲೆಗಳನ್ನು ಎಣಿಸಿದರೆ ಚಿತ್ರ ಬೇರೆಯಾಗುತ್ತದೆ. ಎಷ್ಟು ಬೇರೆ ಅನ್ನುವುದು ಎಣಿಸಿದರೆ ತಾನೇ ಗೊತ್ತಾಗುವುದು.

ಅದೇ ದುಡ್ಡಿನಲ್ಲಿ ಬಸ್ ಬಿಟ್ಟರೆ ಊರೊಳಗೇ ಬರುತ್ತದಲ್ಲ?

ಇದು ನನ್ನನ್ನು ನಿಜಕ್ಕೂ ತಡವರಿಸುವಂತೆ ಮಾಡುವ ಪ್ರಶ್ನೆ. ಕೆಲವು ಕಡೆ ಉತ್ತರ, ಹೌದು. ಸ್ಟೇಷನ್ನು ಊರಿಂದ ನಾಲ್ಕು ಕಿ.ಮೀ. ದೂರ ಇದ್ದು, ದಿನಕ್ಕೆ ಮೂವತ್ತು ಜನ ಓಡಾಡುವ ಕಡೆ ಎರಡು ಮಿನಿಬಸ್ಸೇ ಹೆಚ್ಚು ಉಪಕಾರಿ. ರೈಲು ಚೆಂದ ಎಂಬ ಒಂದೇ ಕಾರಣಕ್ಕೆ ಅದನ್ನು ಓಡಿಸಬೇಕಾಗಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಇದು ಇನ್ನಷ್ಟು ಜಟಿಲವಾಗಿದೆ. ಸಾರಿಗೆ ನಿಗಮದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ. 10 ರೂಪಾಯಿಯ ರೈಲೂ ಪುಕ್ಕಟೆ ಬಸ್ಸಿನ ಮುಂದೆ ದುಬಾರಿಯೇ. ಒಂದೇ ಮನೆಯಿಂದ ಹೆಂಡತಿ ಬಸ್ ಸ್ಟ್ಯಾಂಡಿಗೂ ಗಂಡ ರೈಲ್ವೆ ಸ್ಟೇಷನ್ನಿಗೂ ಹೋಗುವುದನ್ನು ಕಂಡಿದ್ದೇನೆ. ಇಬ್ಬರೂ ಹೋಗುವುದು ಒಂದೇ ಮದುವೆಗೆ. ಶಕ್ತಿಯನ್ನು ತಪ್ಪು ಅನ್ನುತ್ತಿಲ್ಲ. ಬಸ್ ಪ್ರಯಾಣಕ್ಕೆ ರಾಜ್ಯ ದುಡ್ಡು ತುಂಬುತ್ತದೆ, ಪಕ್ಕದಲ್ಲೇ ಓಡುವ ರೈಲಿಗೆ ತುಂಬುವುದಿಲ್ಲ, ಆಮೇಲೆ ರೈಲಿನಲ್ಲಿ ಜನವೇ ಇಲ್ಲ ಅನ್ನುತ್ತೇವೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗಿಲ್ಲ ಅನ್ನುವುದಷ್ಟೇ ನನ್ನ ತಕರಾರು.

ಬಸ್ಸಿಗೆ ಆಗದ್ದೂ ಇದೆ. ಹಾಲಿನ ಕ್ಯಾನು, ಹೂವಿನ ಮೂಟೆ, ಸೈಕಲ್ಲು, ಗಾಲಿಕುರ್ಚಿಯಲ್ಲಿ ಕೂತ ಅಪ್ಪ, ಮಂಡಿ ನೋವಿನ ಅಮ್ಮನಿಗೆ ಬೇಕಾಗುವ ಶೌಚಾಲಯ. ಮಲೆನಾಡಿನ ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುವವರನ್ನು ಕೇಳಿ ನೋಡಿ, ರೈಲಿನ ಬೆಲೆ ಹೇಳುತ್ತಾರೆ.

ಸಣ್ಣ ರೈಲು ಬಿಟ್ಟರೆ ಖರ್ಚು ಕಡಿಮೆಯಾಗುವುದಿಲ್ಲವೇ? ರೈಲ್ ಬಸ್ ಇತ್ತಲ್ಲ?

ಇತ್ತು. ಬಂಗಾರಪೇಟೆ–ಕೋಲಾರ ನಡುವೆ ಓಡುತ್ತಿತ್ತು, ಮೀಟರ್‌ಗೇಜ್ ಕಾಲದಲ್ಲಿ ಶಿವಮೊಗ್ಗ–ತಾಳಗುಪ್ಪ ನಡುವೆಯೂ ಓಡುತ್ತಿತ್ತು. ಹಳಿಯ ಮೇಲೆ ಒಂಟಿಯಾಗಿ ಬರುವ ಬಸ್ಸಿನಂಥ ಡಬ್ಬಿ. ಮಕ್ಕಳಿಗೆ ಭಾರಿ ಇಷ್ಟ.

ಈ ಎರಡು ಮಾರ್ಗಗಳ ಮುಂದಿನ ಕಥೆ ನಮ್ಮ ಚರ್ಚೆಗೆ ಬಹಳ ಬೇಕಾದದ್ದು. ಕೋಲಾರದ ಹಳಿ 2013ರಲ್ಲಿ ಚಿಕ್ಕಬಳ್ಳಾಪುರದ ಕಡೆಗೆ ಮತ್ತೆ ಕೂಡಿಕೊಂಡಿತು, ಕುರುಡು ತುದಿಯಾಗಿದ್ದ ಊರು ನಡುವಿನ ಸ್ಟೇಷನ್ ಆಯಿತು. ತಾಳಗುಪ್ಪ ಮಾರ್ಗ ಬ್ರಾಡ್‌ಗೇಜ್ ಆಯಿತು. ಈಗ ಬೆಂಗಳೂರಿನಿಂದ, ಮೈಸೂರಿನಿಂದ ನೇರ ರೈಲುಗಳು ಸಾಗರ ದಾಟಿ ತಾಳಗುಪ್ಪದವರೆಗೆ ಬರುತ್ತವೆ. ರೈಲ್ ಬಸ್ಸಿನ ಕಾಲದಲ್ಲಿ ಸಾಗರದವನು ಬೆಂಗಳೂರಿಗೆ ಹೋಗಬೇಕಾದರೆ ಶಿವಮೊಗ್ಗದಲ್ಲಿ ಗಂಟುಮೂಟೆ ಇಳಿಸಿ ಬೇರೆ ರೈಲು ಹಿಡಿಯಬೇಕಿತ್ತು. ಹಾಗಾಗಿ ಅವನು ಬಸ್ಸೇ ಹತ್ತುತ್ತಿದ್ದ. ರೈಲ್ ಬಸ್ಸಿನ ಸೀಟು ಎಣಿಸಿ ‘ಈ ಮಾರ್ಗಕ್ಕೆ ಇಷ್ಟೇ ಜನ’ ಎಂದು ಅವತ್ತೇ ಬಾಗಿಲು ಮುಚ್ಚಿದ್ದರೆ, ಇವತ್ತು ರಾತ್ರಿ ಮಲಗಿ ಬೆಳಿಗ್ಗೆ ಬೆಂಗಳೂರಿನಲ್ಲಿ ಏಳುವ ಸೌಕರ್ಯ ಸಾಗರಕ್ಕೆ ಬರುತ್ತಲೇ ಇರಲಿಲ್ಲ.

ಹಾಗಾಗಿ ಸಣ್ಣ ರೈಲು ಖರ್ಚು ಇಳಿಸುತ್ತದೆ ನಿಜ. ಜೊತೆಗೆ ಪ್ರಯಾಣಿಕರನ್ನೂ ಇಳಿಸುತ್ತದೆ.

ಕಡೂರು–ಚಿಕ್ಕಮಗಳೂರಿನಂಥ ತುಂಡು ಮಾರ್ಗಗಳನ್ನು ಹೇಗೆ ನೋಡಬೇಕು?

ಅರ್ಧ ಕಟ್ಟಿದ ಸೇತುವೆಯ ಮೇಲೆ ಗಾಡಿ ಎಣಿಸಬಾರದು. ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರಲ್ಲಿ, ಆದರೆ ಯೋಜನೆ ಇದ್ದದ್ದು ಮುಂದೆ ಸಕಲೇಶಪುರದ ಕಡೆಗೆ ಹೋಗಲು. ಮುಂದಿನ ಕೊಂಡಿ ಕೂಡುವ ತನಕ ಕಡೂರಿನಿಂದ ಹೊರಟ ರೈಲು ಚಿಕ್ಕಮಗಳೂರಿನಲ್ಲಿ ನಿಂತು ಬಂದ ದಾರಿಯಲ್ಲೇ ಹಿಂದಿರುಗಬೇಕು. ಅಳ್ನಾವರ–ಅಂಬೇವಾಡಿಯದು ಇನ್ನೂ ಪಾಪದ ಕಥೆ. ದಾಂಡೇಲಿ ಕಡೆಯವರು ವರ್ಷಾನುಗಟ್ಟಲೆ ಕಾದ ಮೇಲೆ 2019ರ ನವೆಂಬರ್‌ನಲ್ಲಿ ಪ್ಯಾಸೆಂಜರ್ ಶುರುವಾಯಿತು. ಐದು ತಿಂಗಳು ತುಂಬುವ ಮೊದಲೇ ಕೋವಿಡ್ ಬಂದು ದೇಶದ ರೈಲುಗಳೆಲ್ಲ ನಿಂತವು. ಐದು ತಿಂಗಳ ಲೆಕ್ಕದಲ್ಲಿ ಯಾವ ಅಂಗಡಿಯ ಭವಿಷ್ಯವನ್ನಾದರೂ ಹೇಳಲು ಬರುತ್ತದೆಯೇ?

ವಿಮಾನಕ್ಕೆ ಕೊಡುತ್ತಾರಲ್ಲ, ರೈಲಿಗೆ ಕೊಟ್ಟರೇನು?

ನನ್ನ ಬಾಯಿಂದ ಈ ಮಾತು ಬರಲಿ ಎಂದು ಕೆಲವರು ಕಾಯುತ್ತಿರುತ್ತಾರೆ, ಸರಿ. ಉಡಾನ್ ಯೋಜನೆಯಲ್ಲಿ ಸಣ್ಣ ಊರುಗಳ ವಿಮಾನಕ್ಕೆ ಸೀಟು ತುಂಬದಿದ್ದರೂ ಕಂಪನಿ ಓಡಿಸಲಿ ಎಂದು ಕೊರತೆ ತುಂಬುವ ಹಣ ಕೊಡುತ್ತಾರೆ. ಅದರಲ್ಲಿ ರಾಜ್ಯದ್ದೂ ಪಾಲಿದೆ. 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಶಿವಮೊಗ್ಗ ವಿಮಾನ ನಿಲ್ದಾಣವನ್ನು ಕಟ್ಟಿದ್ದು ರಾಜ್ಯ ಸರ್ಕಾರದ ದುಡ್ಡಿನಲ್ಲಿ. ವಿಮಾನ ಬೇಡ ಎಂದು ನಾನು ಹೇಳುವುದಿಲ್ಲ. ಉಡಾನ್‌ನ ಒಂದು ಗುಣ ಮಾತ್ರ ಮೆಚ್ಚುತ್ತೇನೆ: ಯಾವ ಮಾರ್ಗ, ಎಷ್ಟು ಸೀಟು, ಎಷ್ಟು ವರ್ಷ, ಎಷ್ಟು ಹಣ ಎಂದು ಮೊದಲೇ ಬರೆದುಕೊಳ್ಳುತ್ತಾರೆ. ಪ್ಯಾಸೆಂಜರ್ ರೈಲಿಗೆ ಅಂಥ ಕರಾರು ಒಂದೂ ಇಲ್ಲ.

ಬೇರೆ ದೇಶಗಳಲ್ಲಿ ಏನು ಮಾಡಿದ್ದಾರೆ?

ಮುಚ್ಚಿ ಕೈಸುಟ್ಟುಕೊಂಡವರು ಬ್ರಿಟನ್ನಿನವರು. 1963ರಲ್ಲಿ ಅಲ್ಲಿನ ರೈಲ್ವೆಯ ಮುಖ್ಯಸ್ಥ ರಿಚರ್ಡ್ ಬೀಚಿಂಗ್ ಕೊಟ್ಟ ವರದಿ ಎರಡು ಸಾವಿರಕ್ಕೂ ಹೆಚ್ಚು ಸ್ಟೇಷನ್ ಮುಚ್ಚಲು ಹೇಳಿತು. ಅದಕ್ಕೆ ಆಧಾರವಾದ ಪ್ರಯಾಣಿಕರ ಎಣಿಕೆ ನಡೆದದ್ದು 1961ರ ಏಪ್ರಿಲ್‌ನ ಒಂದೇ ವಾರ. ಬೇಸಿಗೆ ರಜೆಯಲ್ಲಿ ತುಂಬಿ ತುಳುಕುವ ಕಡಲತೀರದ ಮಾರ್ಗಗಳು ಏಪ್ರಿಲ್‌ನಲ್ಲಿ ಖಾಲಿ ಇದ್ದದ್ದರಲ್ಲಿ ಆಶ್ಚರ್ಯವೇನು? ನಮ್ಮ ಸುಬ್ರಹ್ಮಣ್ಯದ ರೈಲನ್ನು ಷಷ್ಠಿ ಬಿಟ್ಟು ಆಷಾಢದಲ್ಲಿ ಎಣಿಸಿದ ಹಾಗೆ. ಕೊನೆಗೆ 1968ರ ಸಾರಿಗೆ ಕಾಯ್ದೆಯಲ್ಲಿ, ಲಾಭ ಬಾರದಿದ್ದರೂ ಸಮಾಜಕ್ಕೆ ಬೇಕಾದ ಮಾರ್ಗಗಳಿಗೆ ಸರ್ಕಾರ ನೇರವಾಗಿ ಹಣ ಕೊಡುವ ವ್ಯವಸ್ಥೆ ಮಾಡಿದರು. ಅಷ್ಟರಲ್ಲಿ ಎಷ್ಟೋ ಹಳಿ ಗುಜರಿಗೆ ಹೋಗಿತ್ತು.

ಜರ್ಮನಿಯವರು 1996ರಿಂದ ಸ್ಥಳೀಯ ರೈಲುಗಳ ಹೊಣೆಯನ್ನು ರಾಜ್ಯಗಳಿಗೆ ವಹಿಸಿದರು. ಜೊತೆಗೆ ಕೇಂದ್ರದ ಹಣವನ್ನೂ ಕೊಟ್ಟರು, ನಮ್ಮಲ್ಲಿ ಮರೆಯುವುದು ಆ ಎರಡನೆಯದನ್ನು. ಎಷ್ಟು ರೈಲು, ಎಷ್ಟು ಹೊತ್ತಿಗೆ ಎಂದು ರಾಜ್ಯ ಕರಾರು ಬರೆದು ರೈಲು ಕಂಪನಿಯಿಂದ ಸೇವೆ ಕೊಳ್ಳುತ್ತದೆ.

ಜಪಾನ್ ಕಟ್ಟುನಿಟ್ಟು. 1980ರ ಕಾಯ್ದೆಯಲ್ಲಿ, ಕಿ.ಮೀ.ಗೆ ದಿನಕ್ಕೆ 4,000 ಪ್ರಯಾಣಿಕರಿಗಿಂತ ಕಡಿಮೆ ಇದ್ದ ಅನೇಕ ಮಾರ್ಗಗಳನ್ನು ಬಸ್ಸಿಗೆ ಬದಲಿಸಿದರು ಇಲ್ಲವೇ ಸ್ಥಳೀಯರು ಸೇರಿ ಕಟ್ಟಿದ ಕಂಪನಿಗಳಿಗೆ ಒಪ್ಪಿಸಿದರು.

ಜಪಾನ್‌ನಲ್ಲಿ ಒಬ್ಬಳೇ ಹುಡುಗಿಗಾಗಿ ರೈಲು ಓಡಿಸಿದರಂತಲ್ಲ?

ವಾಟ್ಸಾಪ್ ಕಥೆ. ಹೊಕ್ಕೈಡೊ ದ್ವೀಪದ ಕ್ಯು-ಶಿರಾತಾಕಿ ಸ್ಟೇಷನ್ ಇದ್ದದ್ದು, ಅದನ್ನು 2016ರ ಮಾರ್ಚ್‌ನಲ್ಲಿ ಮುಚ್ಚಿದ್ದು ನಿಜ. ಅಲ್ಲಿಂದ ಶಾಲೆಗೆ ಹೋಗುವ ಹುಡುಗಿ ಇದ್ದದ್ದೂ ನಿಜ. ಆದರೆ ಮಾರ್ಚ್ ಅಂದರೆ ಅಲ್ಲಿ ಶಾಲೆಯ ವರ್ಷ ಮುಗಿಯುವ ತಿಂಗಳೂ ಹೌದು, ರೈಲ್ವೆ ವೇಳಾಪಟ್ಟಿ ಬದಲಾಗುವ ತಿಂಗಳೂ ಹೌದು. ಅದೇ ದಿನ ಆ ಮಾರ್ಗದ ಇನ್ನೂ ಕೆಲವು ಸ್ಟೇಷನ್‌ಗಳನ್ನೂ ಮುಚ್ಚಿದರು, ಅವುಗಳ ಬಗ್ಗೆ ಯಾರೂ ಕಥೆ ಕಟ್ಟಲಿಲ್ಲ.

ಈಗ ಮುಚ್ಚಿ, ಬೇಕಾದಾಗ ಮತ್ತೆ ತೆರೆದರಾಯಿತಲ್ಲ?

ಸ್ಕಾಟ್ಲೆಂಡಿನ ಬಾರ್ಡರ್ಸ್ ಮಾರ್ಗವನ್ನು 1969ರಲ್ಲಿ ಮುಚ್ಚಿದರು. ಎಡಿನ್‌ಬರೋ ಕಡೆಯ ಸುಮಾರು 48 ಕಿ.ಮೀ. ಮತ್ತೆ ತೆರೆದದ್ದು 2015ರಲ್ಲಿ. ಅಷ್ಟರಲ್ಲಿ ಹಳೇ ಹಳಿಯ ಜಾಗಕ್ಕೆ ಅಡ್ಡಲಾಗಿ ನಗರದ ಬೈಪಾಸ್ ರಸ್ತೆ ಬಂದಿತ್ತು. ನಮ್ಮಲ್ಲಿ ಹಳಿ ಕಿತ್ತ ಆರು ತಿಂಗಳಿಗೆ ಒಂದು ದನದ ಕೊಟ್ಟಿಗೆ, ವರ್ಷಕ್ಕೆ ಒಂದು ಶೆಡ್ಡು, ಐದು ವರ್ಷಕ್ಕೆ ಒಂದು ಬಡಾವಣೆ. ರೈಲು ನಿಲ್ಲಿಸಲೇಬೇಕಾಗಿ ಬಂದರೂ ಜಾಗವನ್ನು ಮಾತ್ರ ಬಿಟ್ಟುಕೊಡಬಾರದು.

ರಾಜ್ಯ ಸರ್ಕಾರ ಯಾಕೆ ಕೊಡಬೇಕು? ರೈಲ್ವೆ ಕೇಂದ್ರದ್ದಲ್ಲವೇ?

ರಾಜ್ಯ ಈಗಾಗಲೇ ಕೊಡುತ್ತಿದೆ. ತುಮಕೂರು–ದಾವಣಗೆರೆ, ಬಾಗಲಕೋಟೆ–ಕುಡಚಿ, ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು, ಇವೆಲ್ಲ ಕರ್ನಾಟಕ ಕಾಮಗಾರಿ ವೆಚ್ಚದ ಅರ್ಧ ಹೊತ್ತು ಜಮೀನನ್ನೂ ಕೊಡುವ ಯೋಜನೆಗಳು. ಕಟ್ಟಲು ನೂರಾರು ಕೋಟಿ ಕೊಟ್ಟ ಮೇಲೆ ಆ ಹಳಿಯ ಮೇಲೆ ದಿನಕ್ಕೆ ಎಷ್ಟು ರೈಲು, ಎಷ್ಟು ಗಂಟೆಗೆ ಎಂದು ಕೇಳುವ ಹಕ್ಕು ರಾಜ್ಯಕ್ಕೆ ಇಲ್ಲ. ಮನೆ ಕಟ್ಟಿಸಿಕೊಟ್ಟು ಬೀಗದ ಕೈ ಬಿಟ್ಟುಬಂದ ಮಾವನ ಸ್ಥಿತಿ. ಓಡಾಟದ ಖರ್ಚಿನಲ್ಲಿ ಒಂದು ಸಣ್ಣ ಪಾಲು ಹೊತ್ತು, ಅದರ ಬದಲಿಗೆ ವೇಳಾಪಟ್ಟಿಯ ಬಗ್ಗೆ ಮಾತಾಡುವ ಹಕ್ಕು ಪಡೆಯುವುದು ಲಾಭದ ವ್ಯವಹಾರ ಎಂದು ನನಗನ್ನಿಸುತ್ತದೆ. ಕೇಂದ್ರ ತನ್ನ ಹೊಣೆಯನ್ನೆಲ್ಲ ರಾಜ್ಯದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುತ್ತದೆ ಎಂಬ ಭಯವೂ ಇದೆ, ಅದು ಸುಳ್ಳು ಭಯವಲ್ಲ.

ಪರಿಸರಕ್ಕೆ ರೈಲೇ ಒಳ್ಳೆಯದಲ್ಲವೇ?

ತುಂಬಿದ ರೈಲು ಒಳ್ಳೆಯದು. ಎಂಟು ಬೋಗಿಯ ಡೆಮುವಿನಲ್ಲಿ (ಡೀಸೆಲ್‌ನಲ್ಲಿ ಓಡುವ ಲೋಕಲ್ ರೈಲು) ಇಪ್ಪತ್ತು ಜನ ಕೂತಿದ್ದರೆ ಪರಿಸರದ ಹೆಸರು ಎತ್ತದಿರುವುದೇ ಮರ್ಯಾದೆ.

ಹಾಗಾದರೆ ಯಾವ ಮಾರ್ಗ ಉಳಿಸಬೇಕು, ಯಾವುದನ್ನು ಬಿಡಬೇಕು?

ಮೊದಲು ಎರಡು ವರ್ಷ ಸರಿಯಾದ ಹೊತ್ತಿಗೆ ಓಡಿಸಿ ನೋಡಬೇಕು: ಬೆಳಿಗ್ಗೆ ಕಾಲೇಜು, ಕಚೇರಿ ಶುರುವಾಗುವ ಮುಂಚೆ ತಲುಪುವ ಒಂದು ರೈಲು, ಸಂಜೆ ಬಿಟ್ಟ ಮೇಲೆ ಹೊರಡುವ ಒಂದು ರೈಲು, ದೊಡ್ಡ ಜಂಕ್ಷನ್ನಿನಲ್ಲಿ ಮುಂದಿನ ರೈಲು ಹಿಡಿಯಲು ಸಾಕಷ್ಟು ಸಮಯ. ಜಾತ್ರೆ, ಪರೀಕ್ಷೆ, ಮಳೆ, ಸುಗ್ಗಿ ಎಲ್ಲ ಕಾಲದಲ್ಲೂ ತಲೆ ಎಣಿಸಬೇಕು. ಆಮೇಲೆ ನಿಲ್ಲಿಸಿದರೆ ಉಳಿಯುವ ಹಣವನ್ನು ಆ ತಲೆಗಳಿಂದ ಭಾಗಿಸಿ, ಅದೇ ಜನರನ್ನು ಬಸ್ಸಿನಲ್ಲಿ ಒಯ್ಯಲು ಸರ್ಕಾರಕ್ಕೆ ತಗಲುವ ಖರ್ಚಿನ ಪಕ್ಕ ಇಡಬೇಕು. ರೈಲಿನದು ಸ್ವಲ್ಪ ಹೆಚ್ಚಾದರೂ ನಾನು ರೈಲಿಗೆ ಕೊಡಿ ಅನ್ನುತ್ತೇನೆ. ಐದಾರು ಪಟ್ಟು ಹೆಚ್ಚಾದರೆ, ಗೂಡ್ಸೂ ಇಲ್ಲದಿದ್ದರೆ, ಮುಂದೆ ಕೂಡುವ ಯಾವ ಕೊಂಡಿಯೂ ಇಲ್ಲದಿದ್ದರೆ ಒಳ್ಳೆಯ ಬಸ್ ಕೊಟ್ಟು ರೈಲು ನಿಲ್ಲಿಸಲಿ. ಬಸ್ ಮೊದಲು ಬರಬೇಕು, ರೈಲು ನಿಲ್ಲುವುದು ಆಮೇಲೆ. ಈ ಕ್ರಮ ತಿರುಗುಮುರುಗಾದರೆ ಬಸ್ ಬರುವುದೇ ಇಲ್ಲ.

ನಮ್ಮೂರಿನ ರೈಲು ಉಳಿಯಲು ನಾನೇನು ಮಾಡಬಹುದು?

ಟಿಕೆಟ್ ತೆಗೆದುಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ. ನೀವು ಹತ್ತುವ ಸ್ಟೇಷನ್ನಿನ ಹೆಸರಿನಲ್ಲೇ ತೆಗೆದುಕೊಳ್ಳಿ, ಏಜೆಂಟ್ ಇಲ್ಲದಿದ್ದರೆ ಮೊಬೈಲ್ ಆ್ಯಪ್‌ನಲ್ಲಾದರೂ. ಅರ್ಜಿ ಬರೆಯುವಾಗ ‘ರೈಲು ನಮ್ಮ ಹಕ್ಕು’ ಎಂದು ಎರಡು ಪುಟ ತುಂಬಿಸುವ ಬದಲು ಕಾಲೇಜು ಬಿಡುವ ಗಂಟೆ, ಸಂತೆಯ ದಿನ, ಫ್ಯಾಕ್ಟರಿಯ ಶಿಫ್ಟು ಬರೆದು, ಎಷ್ಟು ನಿಮಿಷ ಹಿಂದೆಮುಂದೆ ಮಾಡಬೇಕು ಎಂದು ಕೇಳಿ. ಪ್ರತಿ ರೈಲ್ವೆ ವಿಭಾಗಕ್ಕೂ ಬಳಕೆದಾರರ ಸಲಹಾ ಸಮಿತಿ ಇರುತ್ತದೆ, ನಿಮ್ಮ ಕಡೆಯ ಸದಸ್ಯ ಯಾರು ಎಂದು ಹುಡುಕಿ ಅವರ ಕೈಗೊಂದು ಪ್ರತಿ ಕೊಡಿ.

ನಮ್ಮ ಮೂರೂ ನಲವತ್ತರ ರೈಲಿನ ಅರ್ಜಿಯನ್ನು ನಾವು ಮತ್ತೆ ಬರೆದಿದ್ದೇವೆ. ಈ ಸಲ ಅರ್ಧ ಗಂಟೆ ಕೇಳಿಲ್ಲ, ಇಪ್ಪತ್ತೈದು ನಿಮಿಷ ಕೇಳಿದ್ದೇವೆ.